ಮಗಳಿಗೊಂದು ಪತ್ರ: ಸ್ಕೂಟರಿನ ಚೀಟಿಯಲ್ಲಿ ಇಲ್ಲದ ಲೆಕ್ಕ

ಪ್ರೀತಿಯ ಪುಟ್ಟಿ,

ಸ್ಕೂಟರ್ ತಗೊಳ್ಳಲಾ ಬೇಡವಾ ಅಂತ ಕೇಳಿದ್ದೀಯ. ಶೋರೂಮಿನವರು ಬರೆದುಕೊಟ್ಟ ಚೀಟಿಯನ್ನೂ ಕಳಿಸಿದ್ದೀಯ: ಆನ್ ರೋಡ್ 1,10,000, ಡೌನ್ ಪೇಮೆಂಟ್ 30,000, ಉಳಿದ 80,000ಕ್ಕೆ ಸಾಲ, ಶೇ 9 ಬಡ್ಡಿ, 36 ಕಂತು, ತಿಂಗಳಿಗೆ 2,822. ಚೀಟಿಯಲ್ಲಿ ಕೂಡಿ ಕಳೆದದ್ದು ಸರಿಯಾಗಿಯೇ ಇದೆ. ನಿನಗೆ ಬೇಕಾದ ಅಂಕಿ ಮಾತ್ರ ಅದರಲ್ಲಿಲ್ಲ.

ಮೊದಲು ಆ ಶೇ 9 ನೋಡು. 80,000ಕ್ಕೆ ವರ್ಷಕ್ಕೆ 7,200, ಮೂರು ವರ್ಷಕ್ಕೆ 21,600. ಅಸಲು ಬಡ್ಡಿ ಸೇರಿ 1,01,600. ಅದನ್ನು 36ರಿಂದ ಭಾಗಿಸಿದ್ದಾರೆ. ಇದು ಫ್ಲಾಟ್ ರೇಟ್. ನೀನು ಪ್ರತಿ ಕಂತಿನಲ್ಲೂ ಅಸಲನ್ನು ಒಂದಿಷ್ಟು ತೀರಿಸುತ್ತಲೇ ಇರುತ್ತೀಯ. ಒಂದೂವರೆ ವರ್ಷದ ಹೊತ್ತಿಗೆ ಬಾಕಿ ಸುಮಾರು 45,000ಕ್ಕೆ ಇಳಿದಿರುತ್ತದೆ. ಬಡ್ಡಿ ಮಾತ್ರ ಕೊನೇ ತಿಂಗಳವರೆಗೂ ಪೂರ್ತಿ 80,000ದ ಮೇಲೇ ಬೀಳುತ್ತದೆ. ಮನೆ ಸಾಲದ ಹಾಗೆ ಬಾಕಿ ಉಳಿದ ಅಸಲಿಗೆ ಮಾತ್ರ ಶೇ 9 ಹಾಕಿದ್ದರೆ ಕಂತು 2,544 ಆಗುತ್ತಿತ್ತು, ಒಟ್ಟು ಬಡ್ಡಿ 11,600ರ ಆಸುಪಾಸು. ನೀನು ಕೊಡುವುದು 21,600. ಅಂದರೆ ಈ ಸಾಲದ ನಿಜವಾದ ದರ ಶೇ 16ಕ್ಕೂ ತುಸು ಮೇಲೆ.

ಇದನ್ನು ಪ್ರತಿ ಸಲ ನೀನೇ ಕೂತು ಲೆಕ್ಕ ಹಾಕಬೇಕಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 2024ರ ಅಕ್ಟೋಬರ್ 1ರಿಂದ ಇಂಥ ಹೊಸ ಸಾಲಗಳಿಗೆಲ್ಲ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಅನ್ನುವ ಹಾಳೆ ಕೊಡಲೇಬೇಕು, ಅದೂ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ. ಅದರಲ್ಲಿ ಎಪಿಆರ್ ಅಂತ ಒಂದು ಸಾಲು ಇರುತ್ತದೆ. ಬಡ್ಡಿ, ಪ್ರೊಸೆಸಿಂಗ್ ಶುಲ್ಕ, ಸಾಲದ ಜೊತೆ ಅಂಟಿಸಿದ ಇತರ ಶುಲ್ಕ ಎಲ್ಲ ಸೇರಿದ ವಾರ್ಷಿಕ ದರ ಅದು. ಎರಡು ಕಡೆ ಸಾಲ ವಿಚಾರಿಸಿದರೆ ಆ ಒಂದು ಸಾಲನ್ನು ಮಾತ್ರ ಹೋಲಿಸು. ಕಂತು ಕಡಿಮೆ ಮಾಡಿಕೊಡುತ್ತೇವೆ ಅನ್ನುವವರು ಸಾಮಾನ್ಯವಾಗಿ ಅವಧಿ ಉದ್ದ ಮಾಡಿರುತ್ತಾರೆ, ಅಷ್ಟೇ.

ಈಗ ಸ್ಕೂಟರಿನ ಖರ್ಚಿಗೆ ಬರೋಣ. ಇಲ್ಲಿ ಬಹಳ ಜನ ಎಡವುತ್ತಾರೆ: ಕಂತನ್ನೇ ಖರ್ಚು ಅಂದುಕೊಳ್ಳುತ್ತಾರೆ. ಕಂತಿನಲ್ಲಿರುವ ಅಸಲು ಖರ್ಚಲ್ಲ, ಆ ದುಡ್ಡು ಸ್ಕೂಟರಿನ ರೂಪದಲ್ಲಿ ನಿನ್ನ ಹತ್ತಿರವೇ ನಿಂತಿರುತ್ತದೆ. ಖರ್ಚಾಗುವುದು ಸ್ಕೂಟರಿನ ಬೆಲೆ ಸವೆದಷ್ಟು. ನಾಲ್ಕು ವರ್ಷ ಓಡಿಸಿ 60,000ಕ್ಕೆ ಮಾರಿದೆ ಅಂತಿಟ್ಟುಕೋ. ಸವಕಳಿ 50,000, ತಿಂಗಳಿಗೆ 1,040. ಆಫೀಸಿಗೆ 9 ಕಿ.ಮೀ., ಹೋಗಿ ಬರಲು 18, ತಿಂಗಳಿಗೆ 22 ದಿನ, ಒಟ್ಟು 396 ಕಿ.ಮೀ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಲೀಟರಿಗೆ 40 ಅಂತ ಹಿಡಿ, ಶೋರೂಮಿನವರು ಹೇಳುವ ಮೈಲೇಜ್ ಬೇಡ. ಪೆಟ್ರೋಲ್ 103 ರೂಪಾಯಿ ಅಂದರೆ ತಿಂಗಳಿಗೆ 1,020. ಸಾಲದ ಬಡ್ಡಿ, ಕಂತು ಇರುವ ಮೂರು ವರ್ಷ, 600. ಸರ್ವಿಸ್ 400. ವಿಮೆ ಮತ್ತು ಟೈರಿಗೆ ಅಂತ 150 ಎತ್ತಿಡು. ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಆನ್ ರೋಡ್ ಬೆಲೆಯಲ್ಲೇ ಸೇರಿರುತ್ತದೆ. ವರ್ಷ ವರ್ಷ ನವೀಕರಿಸುವುದು ನಿನ್ನ ವಾಹನದ ಹಾನಿಗೆ ಸಂಬಂಧಿಸಿದ್ದು. ಕೊನೆಯದಾಗಿ ಡೌನ್ ಪೇಮೆಂಟಿನ 30,000. ಅದನ್ನು ಶೇ 6.5ರ ಎಫ್‌ಡಿಯಲ್ಲಿ ಇಟ್ಟಿದ್ದರೆ ತಿಂಗಳಿಗೆ 160 ಬರುತ್ತಿತ್ತು. ಕೈಬಿಟ್ಟ ಆ 160 ಯಾವ ರಸೀದಿಯಲ್ಲೂ ಕಾಣಿಸುವುದಿಲ್ಲ, ಆದರೂ ಖರ್ಚೇ. ಪಿಯುಸಿ ಪುಸ್ತಕದಲ್ಲಿ ‘ಅವಕಾಶ ವೆಚ್ಚ’ ಅಂತ ಓದಿದ್ದು ಇದನ್ನೇ.

ಎಲ್ಲ ಕೂಡಿಸಿದರೆ 3,370. ಅದರ ಪಕ್ಕದಲ್ಲೇ ಇನ್ನೊಂದು ಅಂಕಿ ಬರೆದಿಟ್ಟುಕೋ: ತಿಂಗಳಿಗೆ ಕೈಯಿಂದ ಹೋಗುವ ದುಡ್ಡು. ಕಂತು, ಪೆಟ್ರೋಲ್, ಸರ್ವಿಸ್, ವಿಮೆ ಸೇರಿ ಸುಮಾರು 4,390. ಲಾಭವೋ ನಷ್ಟವೋ ಅನ್ನುವುದಕ್ಕೆ ಮೊದಲ ಅಂಕಿ, ಸಂಬಳದಲ್ಲಿ ತೂಗಿಸಬಹುದೋ ಅನ್ನುವುದಕ್ಕೆ ಎರಡನೆಯದು. ಎರಡನ್ನೂ ಕಲಸಿ ಕಂತು, ಸವಕಳಿ ಎರಡನ್ನೂ ಕೂಡಿಸಿದರೆ ಸ್ಕೂಟರಿಗೆ ಎರಡು ಸಲ ದುಡ್ಡು ಕೊಟ್ಟ ಹಾಗೆ ಕಾಣುತ್ತದೆ.

ಇನ್ನು ಬಸ್ಸು. ನಿನ್ನ ಆಧಾರಿನಲ್ಲಿ ಕರ್ನಾಟಕದ ವಿಳಾಸ ಇರುವುದರಿಂದ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ಸಿಗೆ ಟಿಕೆಟ್ ಸೊನ್ನೆ. ಎಸಿ ವಜ್ರಕ್ಕೆ ಇದು ಇಲ್ಲ. ಸೊನ್ನೆಯಾದರೂ ಶೂನ್ಯ ಟಿಕೆಟ್ ಕೇಳಿ ತಗೋ, ಸರ್ಕಾರ ನಿಗಮಕ್ಕೆ ಹಣ ಕೊಡುವ ಲೆಕ್ಕ ನಿಂತಿರುವುದೇ ಆ ಚೀಟಿಯ ಮೇಲೆ. ನಿನಗೆ ಬಿಟ್ಟಿ ಅಂದ ಮಾತ್ರಕ್ಕೆ ಖರ್ಚು ಮಾಯವಾಗಲಿಲ್ಲ, ಬೇರೆಯವರ ಜೇಬಿನಿಂದ ಹೋಯಿತು. ನಿನ್ನ ಪಾಲಿಗೆ ಅದರ ಬೆಲೆ ಸಮಯ. ನೀನೇ ಹೇಳಿದ ಹಾಗೆ, ಸ್ಟಾಪಿಗೆ ನಡೆದು, ಕಾದು, ಇಳಿದು, ಒಂದು ಕಡೆಗೆ 70 ನಿಮಿಷ. ಸ್ಕೂಟರಿಗೆ 40. ದಿನಕ್ಕೆ ಒಂದು ಗಂಟೆ, ತಿಂಗಳಿಗೆ 22 ಗಂಟೆ ಉಳಿತಾಯ. 3,370ನ್ನು 22ರಿಂದ ಭಾಗಿಸು: 153. ಅಲ್ಲಿಗೆ ಪ್ರಶ್ನೆಯೇ ಬದಲಾಯಿತು ನೋಡು. ಸ್ಕೂಟರ್ ದುಬಾರಿಯೋ ಅಲ್ಲವೋ ಅನ್ನುವುದು ಬಿಡು. ಒಂದು ಗಂಟೆಯನ್ನು 153 ರೂಪಾಯಿಗೆ ಮಾರುತ್ತಿದ್ದಾರೆ, ಕೊಳ್ಳುತ್ತೀಯಾ?

ಇದಕ್ಕೆ ಸಂಬಳವನ್ನು ಗಂಟೆಗಳಿಂದ ಭಾಗಿಸಿ ಉತ್ತರ ಹುಡುಕಬೇಡ. ಉಳಿಸಿದ ಗಂಟೆಗೆ ಆಫೀಸಿನವರು ಸಂಬಳ ಕೊಡುವುದಿಲ್ಲ. ಆ ಗಂಟೆಯಲ್ಲಿ ನೀನು ಏನು ಮಾಡುತ್ತೀಯ ಅನ್ನುವುದರ ಮೇಲೆ ಅದರ ಬೆಲೆ. ಬೆಳಗ್ಗೆ ಸೀಟು ಸಿಕ್ಕಿ ಓದಿಕೊಂಡು ಹೋಗುವುದಾದರೆ ಆ 70 ನಿಮಿಷ ಪೂರ್ತಿ ನಷ್ಟವಲ್ಲ. ಸ್ಕೂಟರಿನ 40 ನಿಮಿಷದಲ್ಲಿ ಪುಸ್ತಕ ತೆರೆಯಲಾಗದು. ಸಂಜೆ ನಿಂತುಕೊಂಡೇ ಬರುವ 70 ನಿಮಿಷದ ಕಥೆ ಬೇರೆ.

ಹಾಗಾಗಿ ಎಲ್ಲ ಗಂಟೆಗೂ ಒಂದೇ ಬೆಲೆ ಕಟ್ಟಬೇಡ. ಇಲ್ಲೇ ಮೂರನೇ ದಾರಿ ಕಾಣುವುದು. 2025ರ ಆಗಸ್ಟ್‌ನ ದರದಲ್ಲಿ ಆಟೊ ಮೊದಲ 2 ಕಿ.ಮೀ.ಗೆ 36, ಆಮೇಲೆ ಕಿ.ಮೀ.ಗೆ 18. ನಿನ್ನ 9 ಕಿ.ಮೀ.ಗೆ ಮೀಟರಿನಲ್ಲಿ 162. ಮಳೆ ಬಂದ ಸಂಜೆ, ತಡವಾದ ಸಂಜೆ ಅಂತ ತಿಂಗಳಿಗೆ ಎಂಟು ಸಲ ಆಟೊ, ಉಳಿದದ್ದು ಬಸ್ಸು: 1,296. ಒಂದು ಸಲಕ್ಕೆ 25 ನಿಮಿಷ ಉಳಿದರೂ ಗಂಟೆಗೆ 390 ಬೀಳುತ್ತದೆ, ಸ್ಕೂಟರಿಗಿಂತ ಎರಡೂವರೆ ಪಟ್ಟು. ಆದರೂ ತಿಂಗಳ ಒಟ್ಟು ಖರ್ಚು ಅರ್ಧಕ್ಕಿಂತ ಕಡಿಮೆ, ಯಾಕೆಂದರೆ ನಿನಗೆ ಬೇಕಾದ ಗಂಟೆಗಳನ್ನಷ್ಟೇ ಬಿಡಿಯಾಗಿ ಕೊಳ್ಳುತ್ತಿದ್ದೀಯ. ತೊಂದರೆ ಒಂದಿದೆ: ನಿನಗೆ ಆಟೊ ಬೇಕಾದ ಹೊತ್ತಿಗೇ ಊರಿಗೆಲ್ಲ ಆಟೊ ಬೇಕು. ಮಳೆ ಬಿದ್ದ ಕೂಡಲೇ ಆ್ಯಪಿನಲ್ಲಿ 162 ಹೋಗಿ 250 ಆದರೆ ಎಂಟು ಸಲಕ್ಕೆ 2,000. ಹಾಗಾದರೂ ಸ್ಕೂಟರಿಗಿಂತ ಕಡಿಮೆಯೇ.

ಸ್ಕೂಟರ್ ಗೆಲ್ಲುವ ಸಂದರ್ಭವೂ ಇದೆ. ಶನಿವಾರ ಭಾನುವಾರವೂ ಓಡಿಸುತ್ತೀಯ, ನಾಲ್ಕು ವರ್ಷ ಇದೇ ಊರಿನಲ್ಲಿರುತ್ತೀಯ ಅಂದರೆ ಪ್ರತಿ ಕಿ.ಮೀ.ನ ಖರ್ಚು ಇಳಿಯುತ್ತದೆ. ಒಂದೇ ವರ್ಷಕ್ಕೆ ಕೆಲಸ ಬದಲಾಯಿಸಿ ಊರು ಬಿಟ್ಟರೆ ಮಾತ್ರ ಪೆಟ್ಟು. ಸವಕಳಿ ಹೆಚ್ಚಾಗಿ ಆಗುವುದೇ ಮೊದಲ ವರ್ಷ. 80,000ಕ್ಕೆ ಮಾರಿದರೂ ತಿಂಗಳಿಗೆ 2,500 ಸವೆದ ಹಾಗಾಯಿತು. ಸಾಲ ಅವಧಿಗೆ ಮುಂಚೆ ತೀರಿಸಲು ಶುಲ್ಕ ಎಷ್ಟು ಅಂತಲೂ ಆ ಕೀ ಫ್ಯಾಕ್ಟ್ಸ್ ಹಾಳೆಯಲ್ಲೇ ನೋಡು.

ತಗೊಂಡೆ ಅಂತಲೇ ಇಟ್ಟುಕೋ. ಮಾರನೇ ದಿನದಿಂದ ಕಂತು, ಡೌನ್ ಪೇಮೆಂಟ್ ಮರೆತುಬಿಡು, ಅದು ಮುಳುಗಿದ ವೆಚ್ಚ. ಬೆಳಗ್ಗೆ ಹೊರಡುವಾಗ ಹೋಲಿಸಬೇಕಾದ್ದು ಅವತ್ತಿನ 46 ರೂಪಾಯಿ ಪೆಟ್ರೋಲ್ ಮತ್ತು ಅವತ್ತಿನ ಬಸ್ಸು, ಎರಡೇ. ‘ಇಷ್ಟು ಕಂತು ಕಟ್ಟುತ್ತಾ ಬಸ್ಸಿಗೆ ಹೋಗೋದಾ’ ಅಂದುಕೊಂಡು ಜೋರು ಮಳೆಯಲ್ಲಿ ಗಾಡಿ ತೆಗೆದರೆ ಆ ಕಂತೇನೂ ವಾಪಸ್ ಬರುವುದಿಲ್ಲ, ನೆಗಡಿ ಬರುತ್ತದೆ.

ಒಂದು ತಿಂಗಳು ಬಸ್ಸು-ಆಟೊ ಮಾಡಿ ನೋಡು. ಪ್ರತಿ ದಿನ ಮೂರು ವಿಷಯ ಫೋನಿನಲ್ಲಿ ಬರೆ: ಹೊರಟ ಹೊತ್ತು, ತಲುಪಿದ ಹೊತ್ತು, ಸೀಟು ಸಿಕ್ಕಿತೋ ಇಲ್ಲವೋ. ನನ್ನ 70, 40 ಎಲ್ಲ ನಿನ್ನ ಬಾಯಿಮಾತಿನ ಅಂಕಿ, ಅವು ಬದಲಾದರೆ 153 ಕೂಡ ಬದಲಾಗುತ್ತದೆ. ಆಮೇಲೂ ಸ್ಕೂಟರೇ ಬೇಕು ಅನ್ನಿಸಿದರೆ ಸಹಿ ಹಾಕುವ ಮುಂಚೆ ಆ ಹಾಳೆಯ ಫೋಟೊ ಕಳಿಸು, ಎಪಿಆರ್ ಸಾಲು ಸರಿಯಾಗಿ ಕಾಣುವ ಹಾಗೆ. ಬಣ್ಣದ ವಿಚಾರ ಅಪ್ಪನ ಹತ್ತಿರ ಮಾತಾಡಿಕೋ.

ಪ್ರೀತಿಯಿಂದ,
ಅಮ್ಮ