ಮೊದಲು ಗೆರೆ, ಆಮೇಲೆ ಲೆಕ್ಕ

ಡೊಂಬಿವಲಿ

ಪುಟ್ಟೀ,

ನೀನು ಕಳಿಸಿದ ಉತ್ತರಪತ್ರಿಕೆಯ ಫೋಟೋ ನೋಡಿದೆ. ಫಿಸಿಕ್ಸ್ ತನಗೆ ಆಗಿಬರಲ್ಲ ಅಂತ ಅಮ್ಮನ ಹತ್ತಿರ ಅತ್ತೆಯಂತೆ. ಅಷ್ಟು ದೊಡ್ಡ ವಿಷಯ ಅಲ್ಲ ಬಿಡು. ಒಂದೇ ಶಕ್ತಿಯನ್ನು ಎರಡು ಸಲ ಎಣಿಸಿದ್ದೀಯ, ಅಷ್ಟೇ.

2 ಕೆಜಿ ಬ್ಲಾಕ್, ಘರ್ಷಣೆ ಇಲ್ಲದ ಇಳಿಜಾರು, ಎತ್ತರ 5 ಮೀಟರ್. ಜಾರಿ ಬುಡ ಮುಟ್ಟುವಾಗ ವೇಗ ಎಷ್ಟು ಅನ್ನುವುದು ಪ್ರಶ್ನೆ. ಪೊಟೆನ್ಷಿಯಲ್ ಎನರ್ಜಿ, ಅಂದರೆ ಎತ್ತರದಲ್ಲಿರುವುದರಿಂದ ಇರುವ ಶಕ್ತಿ, 100 ಜೂಲ್ ಇಳಿಯಿತು ಅಂತ ಬರೆದೆ. ಅದರ ಕೆಳಗೇ, ಗುರುತ್ವ 100 ಜೂಲ್ ಕೆಲಸ ಮಾಡಿತು ಅಂತಲೂ ಸೇರಿಸಿದೆ. ಸೆಕೆಂಡಿಗೆ 10 ಮೀಟರ್ ಬರಬೇಕಾದ ವೇಗ 14 ಚಿಲ್ಲರೆ ಆಯಿತು.

ಯಾವುದು ಸಿಸ್ಟಮ್, ಅಂದರೆ ಯಾವ್ಯಾವ ವಸ್ತು ಲೆಕ್ಕದ ಒಳಗೆ, ಅಂತ ಮೊದಲು ಗೆರೆ ಎಳೆದುಕೋ. ಬ್ಲಾಕ್ ಒಂದೇ ಒಳಗಿದ್ದರೆ ಭೂಮಿ ಹೊರಗಿನದು. ಅದು ಎಳೆದು ಕೆಲಸ ಮಾಡುತ್ತದೆ, ಪೊಟೆನ್ಷಿಯಲ್ ಎನರ್ಜಿಯ ಮಾತೇ ಬರುವುದಿಲ್ಲ. ಭೂಮಿಯನ್ನೂ ಒಳಗೆ ಸೇರಿಸಿಕೊಂಡರೆ ಪೊಟೆನ್ಷಿಯಲ್ ಎನರ್ಜಿ ಉಂಟು, ಆದರೆ ಹೊರಗಿನಿಂದ ಕೆಲಸ ಮಾಡುವವರು ಯಾರೂ ಇಲ್ಲ. ಮೇಲೆತ್ತಿದ ಕಲ್ಲಿನೊಳಗೆ ಶಕ್ತಿ ಕೂತಿದೆ ಅಂತ ಹೇಳುವವರನ್ನು ನಂಬಬೇಡ. ಅದು ಕಲ್ಲು ಮತ್ತು ಭೂಮಿಯ ಜಂಟಿ ಆಸ್ತಿ.

ಇನ್ನೊಂದು. ಶಕ್ತಿ ಸಂರಕ್ಷಣೆ ಅಂದರೆ ಸಿಸ್ಟಮ್‌ನ ಶಕ್ತಿ ಬದಲಾಗುವುದೇ ಇಲ್ಲ ಅಂತಲ್ಲ. ಎಷ್ಟು ಬದಲಾಯಿತೋ ಅಷ್ಟು ಗೆರೆ ದಾಟಿರಲೇಬೇಕು. ಕೆಲಸವಾಗಿಯೋ, ಶಾಖವಾಗಿಯೋ, ಕರೆಂಟಾಗಿಯೋ.

ನಾನು ರೈಲು ರಿಪೇರಿ ಮಾಡುವ ಕಾರ್‌ಶೆಡ್ಡಿನವನು, ನನಗೆ ಲೋಕಲ್ ರೈಲೇ ಹೊಳೆಯುವುದು. ಥಾಣೆಯಿಂದ ಫಾಸ್ಟ್ ಲೋಕಲ್ ಹೊರಟಿತು ಅನ್ನು. ಅದನ್ನು ಮುಂದಕ್ಕೆ ತಳ್ಳುವ ಹೊರಗಿನ ಬಲ ಯಾವುದು? ಹಳಿಯ ಘರ್ಷಣೆ. ನ್ಯೂಟನ್ ನಿಯಮ ಕೇಳುವುದು ಅದನ್ನೇ. ಹಾಗಾದರೆ ಶಕ್ತಿಯನ್ನೂ ಹಳಿಯೇ ಕೊಟ್ಟಿತಾ? ಇಲ್ಲ. ಚಕ್ರ ಜಾರದೆ ಉರುಳುವಾಗ ಹಳಿಗೆ ತಾಗಿದ ಬಿಂದು ಆ ಕ್ಷಣಕ್ಕೆ ನಿಂತೇ ಇರುತ್ತದೆ. ಬಲ ಬಿದ್ದಿದೆ, ಬಿದ್ದ ಜಾಗ ಸರಿದಿಲ್ಲ. ಕೆಲಸ ಸೊನ್ನೆ. ಶಕ್ತಿ ಬಂದದ್ದು ತಲೆ ಮೇಲಿನ 25,000 ವೋಲ್ಟ್ ತಂತಿಯಿಂದ, ರೈಲಿನ ಮಾಡಿನಿಂದ ತಂತಿಗೆ ತಾಗುವ ಪ್ಯಾಂಟೋಗ್ರಾಫ್ ಮೂಲಕ. ತಳ್ಳುವವನೇ ಬೇರೆ, ದುಡ್ಡು ಕೊಡುವವನೇ ಬೇರೆ! ಇಡೀ ಪಾಠದಲ್ಲಿ ನನಗೆ ಬಲು ಇಷ್ಟದ ಜಾಗ ಇದು. ಪಾಠ ಮಾಡುವವರು ಯಾಕೆ ಇದನ್ನು ಹಾರಿಸಿಬಿಡುತ್ತಾರೋ ಗೊತ್ತಿಲ್ಲ.

ಇನ್ನು ನಿಲ್ಲಿಸುವುದು. ಲೆಕ್ಕ ಸುಲಭವಾಗಲಿ ಅಂತ ಜನ ತುಂಬಿದ ರೈಲು 600 ಟನ್, ವೇಗ ಗಂಟೆಗೆ 72 ಕಿ.ಮೀ. ಎಂದಿಟ್ಟುಕೋ. ಅಂದರೆ ಸೆಕೆಂಡಿಗೆ 20 ಮೀಟರ್. ಚಲನಶಕ್ತಿ 12 ಕೋಟಿ ಜೂಲ್, ನಮ್ಮ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಸುಮಾರು 33 ಯೂನಿಟ್. ಬರೀ ಬ್ರೇಕ್ ಬ್ಲಾಕ್ ಒತ್ತಿ ನಿಲ್ಲಿಸಿದರೆ ಅಷ್ಟೂ ಶಾಖವಾಗಿ ಹೋಗುತ್ತದೆ. ಕಳೆದುಹೋಯಿತು ಅನ್ನಬೇಡ, ಬೀಳುವ ತೂಕದಿಂದ ನೀರೊಳಗಿನ ರೆಕ್ಕೆ ತಿರುಗಿಸಿ, ನೀರು ಎಷ್ಟು ಬಿಸಿಯಾಯಿತು ಅಂತ ಜೂಲ್ ಎಂಬ ವಿಜ್ಞಾನಿ 1840ರ ದಶಕದಲ್ಲೇ ಅಳೆದು ತೋರಿಸಿದ. ಈಗಿನ ರೇಕ್‌ಗಳಲ್ಲಿ (ಜೋಡಿಸಿದ ಬೋಗಿಗಳ ಇಡೀ ರೈಲು) ಬ್ರೇಕ್ ಹಾಕುವಾಗ ಮೋಟರ್ ತಾನೇ ಜನರೇಟರ್ ಆಗುತ್ತದೆ. ಒಂದಷ್ಟು ಕರೆಂಟ್ ತಂತಿಗೆ ವಾಪಸ್ ಹೋಗಿ ಇನ್ನೊಂದು ಲೋಕಲ್ ಓಡಿಸುತ್ತದೆ. ಎಲ್ಲವೂ ವಾಪಸ್ ಬರುವುದಿಲ್ಲ, ಮೋಟರ್ ಮತ್ತು ತಂತಿ ಬಿಸಿಯಾಗುತ್ತವಲ್ಲ.

33 ಯೂನಿಟ್ ಅಂದರೆ ಎಷ್ಟು ಅಂತ ಗೊತ್ತಾಗಬೇಕಾ? ನೀನು ಪುಣೆಗೆ ಹೋಗುವಾಗ ಘಾಟಿ ಹತ್ತುತ್ತೀಯಲ್ಲ, ಆ ಘಾಟಿಯ ಬುಡದಲ್ಲೇ ಖೋಪೋಲಿ. ಲೋನಾವಳಾ ಕಡೆಯ ಕೆರೆಗಳ ನೀರನ್ನು ಅಲ್ಲಿಗೆ ಬೀಳಿಸಿ ಟಾಟಾದವರು 1915ರಿಂದ ಮುಂಬಯಿಗೆ ಕರೆಂಟ್ ಕೊಡುತ್ತಿದ್ದಾರೆ. ಆಗಿನ ಎಷ್ಟೋ ಬಟ್ಟೆ ಗಿರಣಿಗಳು ಓಡಿದ್ದೂ ಅದರಿಂದಲೇ. ಬೀಳುವ ಎತ್ತರ 500 ಮೀಟರ್ ಅಂತ ಹಿಡಿ. 1,000 ಲೀಟರ್ ನೀರು ಬಿದ್ದರೆ, ಒಂಚೂರೂ ಪೋಲಾಗದಿದ್ದರೂ, 1.36 ಯೂನಿಟ್. ಒಂದು ರೈಲಿಗೆ ಒಂದು ಸಲ ವೇಗ ಹಿಡಿಯಲು 24,000 ಲೀಟರಿಗಿಂತ ಜಾಸ್ತಿ ಬೇಕು. ಮುಂದಿನ ಸ್ಟೇಷನ್ನಿನಲ್ಲಿ ಮತ್ತೆ ಬ್ರೇಕ್!

ಚಟ್ನಿಪುಡಿ ಶನಿವಾರ ಮಾಮನ ಕೈಯಲ್ಲಿ ಬರುತ್ತದೆ. ಅದರ ಬದಲಿಗೆ ಒಂದು ಲೆಕ್ಕ ಮಾಡಿ ಕಳಿಸು. 50 ಕೆಜಿಯ ಹುಡುಗಿ ನಿಂತಲ್ಲಿಂದಲೇ ಮೇಲಕ್ಕೆ ಹಾರುತ್ತಾಳೆ. ಅವಳ ಗುರುತ್ವ ಕೇಂದ್ರ ಅರ್ಧ ಮೀಟರ್ ಏರುತ್ತದೆ. ನೆಲ ಎಷ್ಟು ಕೆಲಸ ಮಾಡಿತು? 250 ಜೂಲ್ ಅಂತ ಬರೆದರೆ ಈ ಪತ್ರವನ್ನು ಇನ್ನೊಂದು ಸಲ ಓದಬೇಕಾಗುತ್ತದೆ.

ನಿನ್ನ
ಅಪ್ಪ