ಗೆಳೆಯನಿಗೊಂದು ಪತ್ರ: ಆ ಪ್ರಶ್ನೆಯನ್ನು ಇನ್ನೊಮ್ಮೆ ಬರಿ

ಪ್ರೀತಿಯ ಗೆಳೆಯ,

ನೀನು ಕಳಿಸಿದ ಪ್ರಶ್ನೆಯ ಕರಡು ಓದಿದೆ. ನಿಮ್ಮ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಮೇಷ್ಟ್ರಿಲ್ಲದ ವಿಷಯವನ್ನು ವಿಧಾನಸಭೆಯಲ್ಲಿ ಕೇಳೋಕೆ ಶಾಸಕರು ಒಪ್ಪಿದ್ದಾರೆ ಅಂತ ತಿಳಿದು ಖುಷಿಯಾಯಿತು. ಅಷ್ಟು ಓಡಾಡಿ ಒಪ್ಪಿಸಿದ್ದೀಯ. ಆದರೆ ಆ ಕರಡನ್ನು ಈಗಲೇ ಅವರ ಕೈಗೆ ಕೊಡಬೇಡ. ಅದನ್ನು ಇನ್ನೊಮ್ಮೆ ಬರೆಯಬೇಕು. ಹೇಗೆ, ಯಾಕೆ ಅಂತ ಹೇಳೋಕೆ ಈ ಪತ್ರ. ನಿನ್ನ ಹಾಗೆ ಪ್ರಶ್ನೆ ಹಿಡಿದು ಓಡಾಡುವವರು ಬೇರೆ ಊರುಗಳಲ್ಲೂ ಇರುತ್ತಾರೆ, ಅವರಿಗೂ ಉಪಯೋಗವಾಗಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಮೊದಲು ನಿನ್ನ ಬೇಸರದ ಮಾತು. "ಚುಕ್ಕೆ ಗುರುತಿಲ್ಲದ ಪ್ರಶ್ನೆಯಂತೆ, ಬರೀ ಲಿಖಿತ ಉತ್ತರವಂತೆ, ಸದನದಲ್ಲಿ ಮಾತೇ ಆಗಲ್ವಂತೆ" ಅಂತ ಬರೆದಿದ್ದೀಯ. ಅದಕ್ಕೆ ಬೇಸರ ಬೇಡ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಉತ್ತರ ಕೊಡುತ್ತಾರೆ, ಅದರ ಮೇಲೆ ಉಪಪ್ರಶ್ನೆ ಕೇಳಬಹುದು, ನಿಜ. ಆದರೆ ಅವುಗಳ ಸಂಖ್ಯೆ ಕಮ್ಮಿ. ಲೋಕಸಭೆಯ ಲೆಕ್ಕ ನೋಡು. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆ. ರಾಜ್ಯಸಭೆಯಲ್ಲಿ 15 ಮತ್ತು 160. ಆ ಇಪ್ಪತ್ತರಲ್ಲೂ ಒಂದು ಗಂಟೆಯೊಳಗೆ ಬಾಯಿಮಾತಿನ ಉತ್ತರ ಸಿಗೋದು ಮೊದಲ ಕೆಲವಕ್ಕೆ ಮಾತ್ರ. ಉಳಿದವಕ್ಕೂ ಲಿಖಿತ ಉತ್ತರವೇ ಗತಿ. ಗದ್ದಲವಾಗಿ ಪ್ರಶ್ನೋತ್ತರ ಕಲಾಪ ಕೊಚ್ಚಿಹೋದರೂ ಲಿಖಿತ ಉತ್ತರ ಸದನದ ಮೇಜಿನ ಮೇಲೆ ಬಂದು ಕೂರುತ್ತದೆ. ಟಿವಿಯಲ್ಲಿ ಕಾಣಲ್ಲ, ಕಡತದಲ್ಲಿ ಉಳಿಯುತ್ತದೆ. ನಿನಗೆ ಬೇಕಾಗಿರೋದು ಶಾಲೆವಾರು ಅಂಕಿಸಂಖ್ಯೆ. ಅದು ಸಚಿವರ ಭಾಷಣದಲ್ಲಿ ಬರೋದಿಲ್ಲ, ಉತ್ತರದ ಅನುಬಂಧದಲ್ಲಿ ಬರುತ್ತದೆ.

ನಾನು ಸರ್ಕಾರಿ ಕಚೇರಿಯಲ್ಲಿ ಇದ್ದಾಗ ಉತ್ತರ ತಯಾರಾಗುವ ಕಡೆ ಕೂತಿದ್ದವನು. ಅಲ್ಲಿ ವಿಧಾನಸಭೆಯ ಪ್ರಶ್ನೆಗೆ ಎಲ್‌ಎಕ್ಯೂ (ಲೆಜಿಸ್ಲೇಟಿವ್ ಅಸೆಂಬ್ಲಿ ಕ್ವಶ್ಚನ್) ಅಂತಲೇ ಹೆಸರು. ವಿಧಾನ ಪರಿಷತ್ತಿನದಾದರೆ ಎಲ್‌ಸಿಕ್ಯೂ. "ಎಲ್‌ಎಕ್ಯೂ ಬಂದಿದೆ" ಅಂದರೆ ಉಳಿದ ಫೈಲುಗಳೆಲ್ಲ ಪಕ್ಕಕ್ಕೆ. ವಿಧಾನಸಭೆ ಸಚಿವಾಲಯದಿಂದ ಇಲಾಖೆಗೆ, ಅಲ್ಲಿಂದ ಆಯುಕ್ತರಿಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಪ್ರಶ್ನೆ ಇಳಿಯುತ್ತದೆ. ಜೊತೆಗೊಂದು ನಮೂನೆ, ಮೇಲೆ "ತುರ್ತು", ಕೆಳಗೆ "ಇಂದು ಸಂಜೆಯೊಳಗೆ". ತಾಲ್ಲೂಕು ಕಚೇರಿಯ ವಿಷಯ ನಿರ್ವಾಹಕರು ಫೋನ್ ಹಿಡಿದು ಕೂರುತ್ತಾರೆ. ಮಾಹಿತಿ ಇಲ್ಲದಿದ್ದರೂ ಸುಮ್ನೆ ಇರುವ ಹಾಗಿಲ್ಲ, "ಶೂನ್ಯ ವರದಿ" ಅಂತಲಾದರೂ ಕಳಿಸಲೇಬೇಕು. ಹೀಗೆ ಮೇಲೆ ಬಂದ ಲೆಕ್ಕಗಳನ್ನು ಕೂಡಿಸಿ, ಎರಡು ಅಂಕಣದ ಹಾಳೆಯಲ್ಲಿ ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ ಟೈಪಾಗುತ್ತದೆ. ಕೊನೆಗೆ ಸಚಿವರ ಸಹಿ.

ಈ ದಾರಿಯನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣ ಇದೆ. ಒಂದು ಪ್ರಶ್ನೆಗೆ ಎಷ್ಟು ಕೆಳಗೆ ಇಳಿಯುವ ಶಕ್ತಿ ಇದೆ ಅನ್ನೋದು ಅದನ್ನು ಬರೆದ ರೀತಿಯಲ್ಲೇ ತೀರ್ಮಾನವಾಗಿಬಿಡುತ್ತದೆ. ಸಡಿಲವಾಗಿ ಬರೆದ ಪ್ರಶ್ನೆ ಬೆಂಗಳೂರು ದಾಟುವುದೇ ಇಲ್ಲ. ಹಳೇ ಉತ್ತರದ ನಾಲ್ಕು ಸಾಲು ತೆಗೆದು ಅಲ್ಲೇ ಮುಗಿಸುತ್ತಾರೆ. ಬಿಗಿಯಾಗಿ ಬರೆದ ಪ್ರಶ್ನೆ ಮುಖ್ಯೋಪಾಧ್ಯಾಯರ ಮೇಜಿನವರೆಗೂ ಹೋಗುತ್ತದೆ.

ಈಗ ನಿನ್ನ ಕರಡು. ನೀನು ಬರೆದದ್ದು ಹೀಗಿದೆ:

"(ಅ) ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಶಿಕ್ಷಕರ ತೀವ್ರ ಕೊರತೆಯಿಂದ ಬಡ ಮಕ್ಕಳ ಭವಿಷ್ಯ ಹಾಳಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮಗಳೇನು? (ಇ) ಈ ನಿರ್ಲಕ್ಷ್ಯಕ್ಕೆ ಹೊಣೆ ಯಾರು?"

ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಬಲಗಡೆಯ ಅಂಕಣದಲ್ಲಿ ಏನು ಬರುತ್ತದೆ ಅಂತ ನಾನು ಈಗಲೇ ಹೇಳಬಲ್ಲೆ. (ಅ) ಗೆ "ಬಂದಿದೆ". (ಆ) ಗೆ "ಖಾಲಿ ಹುದ್ದೆಗಳನ್ನು ಹಂತ ಹಂತವಾಗಿ ಭರ್ತಿ ಮಾಡಲು ಕ್ರಮ ಕೈಗೊಳ್ಳಲಾಗುತ್ತಿದೆ. ಅಲ್ಲಿಯವರೆಗೆ ಅತಿಥಿ ಶಿಕ್ಷಕರನ್ನು ನಿಯೋಜಿಸಲಾಗಿದೆ". (ಇ) ಗೆ "ಉದ್ಭವಿಸುವುದಿಲ್ಲ". ಮೂರೂ ಸುಳ್ಳಲ್ಲ, ಮೂರರಿಂದಲೂ ನಿನಗೆ ಏನೂ ಸಿಗಲ್ಲ. (ಇ) ಇರುವುದರಿಂದ ಪ್ರಶ್ನೆಯೇ ತಿರಸ್ಕಾರವಾಗುವ ಸಾಧ್ಯತೆಯೂ ಇದೆ. ಲೋಕಸಭೆಯ ನಿಯಮ ತೆಗೆದು ನೋಡಿದರೆ, ಪ್ರಶ್ನೆಯಲ್ಲಿ ವಾದ ಇರಬಾರದು, ಆರೋಪ ಇರಬಾರದು, ವ್ಯಂಗ್ಯ ಇರಬಾರದು, ಅಭಿಪ್ರಾಯ ಕೇಳಬಾರದು, ಸಾಮಾನ್ಯವಾಗಿ 150 ಪದ ಮೀರಬಾರದು. ಕೋರ್ಟಿನಲ್ಲಿರುವ ವಿಷಯ ಕೇಳಬಾರದು. ಸಿಟ್ಟನ್ನು ಪ್ರಶ್ನೆಯಿಂದ ತೆಗೆದಿಡು. ಅಂಕಿಸಂಖ್ಯೆ ಕೈಗೆ ಬಂದಮೇಲೆ ಅದಕ್ಕೆ ಬೇಕಾದಷ್ಟು ಜಾಗ ಇದೆ.

ನಾನಾದರೆ ಹೀಗೆ ಬರೆಯುತ್ತೇನೆ:

"(ಅ) ಸದರಿ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಹಾಗೂ ಪ್ರೌಢಶಾಲೆಗಳಲ್ಲಿ ಮಂಜೂರಾದ, ಭರ್ತಿಯಾದ ಮತ್ತು ಖಾಲಿ ಇರುವ ಶಿಕ್ಷಕರ ಹುದ್ದೆಗಳೆಷ್ಟು? (ಶಾಲೆವಾರು, ವಿಷಯವಾರು ವಿವರ ನೀಡುವುದು) (ಆ) ಭರ್ತಿಯಾದ ಹುದ್ದೆಗಳ ಪೈಕಿ, ಬೇರೆ ಶಾಲೆ ಅಥವಾ ಕಚೇರಿಗೆ ನಿಯೋಜನೆಯ ಮೇಲೆ ತೆರಳಿರುವ ಶಿಕ್ಷಕರೆಷ್ಟು, ಯಾವ ದಿನಾಂಕದಿಂದ? (ಇ) ಒಬ್ಬರೇ ಶಿಕ್ಷಕರಿರುವ ಶಾಲೆಗಳೆಷ್ಟು? ಅವುಗಳ ದಾಖಲಾತಿ ಎಷ್ಟು? (ಈ) ಖಾಲಿ ಹುದ್ದೆಗಳು ಯಾವ ದಿನಾಂಕದಿಂದ ಖಾಲಿ ಇವೆ? ಭರ್ತಿಗೆ ನಿಗದಿಪಡಿಸಿದ ಕಾಲಮಿತಿ ಏನು?"

ಇದರಲ್ಲಿ ನಿಜವಾಗಿ ಕೆಲಸ ಮಾಡುವುದು (ಆ). ಮೇಷ್ಟ್ರ ಹೆಸರು ಒಂದು ಶಾಲೆಯ ಹಾಜರಿ ಪುಸ್ತಕದಲ್ಲಿ, ಸಂಬಳವೂ ಆ ಶಾಲೆಯ ಲೆಕ್ಕದಲ್ಲಿ. ಆದರೆ ಅವರು ಕೂರುವುದು ಪಟ್ಟಣದ ಇನ್ನೊಂದು ಶಾಲೆಯಲ್ಲೋ ಯಾವುದೋ ಕಚೇರಿಯಲ್ಲೋ. ಕಾಗದದ ಮೇಲೆ ಹುದ್ದೆ ತುಂಬಿದೆ, ತರಗತಿ ಖಾಲಿ. "ಖಾಲಿ ಹುದ್ದೆ ಎಷ್ಟು" ಅಂತ ಮಾತ್ರ ಕೇಳಿದರೆ ಆ ಶಾಲೆ ಲೆಕ್ಕಕ್ಕೇ ಬರಲ್ಲ. ಯಾರೂ ಸುಳ್ಳು ಹೇಳಿದ ಹಾಗೂ ಆಗಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಡೋದು ಕಚೇರಿಯ ಪದ್ಧತಿ.

"ಎಷ್ಟು" ಅಂತ ಕೇಳುವುದರ ಜೊತೆಗೆ ಯಾರನ್ನು ಕೇಳುತ್ತಿದ್ದೇವೆ ಅನ್ನೋದೂ ಅಷ್ಟೇ ಮುಖ್ಯ. ಅದಕ್ಕೊಂದು ಉದಾಹರಣೆ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದ ಹಾಗೆ ಕೂತಿದೆ. 2020ರ ಸೆಪ್ಟೆಂಬರ್‌ನಲ್ಲಿ ಕೋವಿಡ್ ನಡುವೆ ಸಂಸತ್ ಅಧಿವೇಶನ ನಡೆಯಿತು. ಪ್ರಶ್ನೋತ್ತರ ಕಲಾಪವನ್ನೇ ಕೈಬಿಟ್ಟಿದ್ದರು. ಉಳಿದದ್ದು ಲಿಖಿತ ಪ್ರಶ್ನೆ ಮಾತ್ರ. ಲಾಕ್‌ಡೌನ್‌ನಲ್ಲಿ ಊರಿಗೆ ಹೊರಟ ವಲಸೆ ಕಾರ್ಮಿಕರು ಎಷ್ಟು ಜನ ಸತ್ತರು ಅಂತ ಕಾರ್ಮಿಕ ಸಚಿವಾಲಯವನ್ನು ಕೇಳಿದರು. ಸೆಪ್ಟೆಂಬರ್ 14ರಂದು ಲೋಕಸಭೆಗೆ ಬಂದ ಉತ್ತರ: ಅಂಥ ಅಂಕಿಅಂಶ ಇಟ್ಟಿಲ್ಲ. ಪರಿಹಾರ ಕೊಟ್ಟಿದ್ದೀರಾ ಅಂದರೆ, ಹಾಗಾಗಿ ಆ ಪ್ರಶ್ನೆ ಉದ್ಭವಿಸುವುದಿಲ್ಲ. ಒಂದು ಕೋಟಿಗೂ ಜಾಸ್ತಿ ಕಾರ್ಮಿಕರು ಊರಿಗೆ ಮರಳಿದರು ಎಂಬ ಲೆಕ್ಕ ಅದೇ ಸಚಿವಾಲಯದ ಬಳಿ ಇತ್ತು. ಸತ್ತವರ ಲೆಕ್ಕ ಇರಲಿಲ್ಲ. ಅದನ್ನು ಓದಿ ಆದ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಅದೇ ಅಧಿವೇಶನದಲ್ಲಿ, ಕೆಲವೇ ದಿನಗಳಲ್ಲಿ, ರಾಜ್ಯಸಭೆಯಲ್ಲಿ ಇನ್ನೊಂದು ಪ್ರಶ್ನೆ ಬಂತು. ಈ ಸಲ ಕೇಳಿದ್ದು ರೈಲ್ವೆಯನ್ನು, ವಲಸೆ ಕಾರ್ಮಿಕರನ್ನು ಊರಿಗೆ ಮುಟ್ಟಿಸೋಕೆ ಬಿಟ್ಟ ಶ್ರಮಿಕ್ ವಿಶೇಷ ರೈಲುಗಳಲ್ಲಿ ಸತ್ತವರ ಬಗ್ಗೆ ಮಾತ್ರ. ರಾಜ್ಯಗಳ ಪೊಲೀಸರು ಕೊಟ್ಟ ಮಾಹಿತಿಯ ಆಧಾರದಲ್ಲಿ ಉತ್ತರ ಬಂತು: ಸೆಪ್ಟೆಂಬರ್ 9ರವರೆಗೆ 97 ಮಂದಿ. ನೋಡು, ದೊಡ್ಡ ಪ್ರಶ್ನೆಗೆ ಬಾಗಿಲು ಮುಚ್ಚಿತು, ಚಿಕ್ಕ ಪ್ರಶ್ನೆಗೆ ತೆರೆಯಿತು. ರೈಲಿನಲ್ಲಿ ಸಾವಾದರೆ ಪೊಲೀಸರ ದಾಖಲೆ ಇದ್ದೇ ಇರುತ್ತದೆ. ಯಾವ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ ಅಂತ ಮೊದಲು ಯೋಚಿಸಿ, ಆ ಪುಸ್ತಕ ಇಟ್ಟುಕೊಂಡವರನ್ನು ಕೇಳಬೇಕು. ನಡೆದುಕೊಂಡು ಹೋಗುವಾಗ ದಾರಿಯಲ್ಲಿ ಸತ್ತವರು ಆ 97ರಲ್ಲಿ ಇಲ್ಲ. ಆದರೂ ಇಲ್ಲವೇ ಇಲ್ಲ ಎಂಬ ಜಾಗದಲ್ಲಿ ಒಂದು ಸಂಖ್ಯೆಯಾದರೂ ಸದನದ ದಾಖಲೆಗೆ ಬಂತಲ್ವಾ.

ಮರುವರ್ಷದ್ದು ನಮ್ಮ ರಾಜ್ಯಕ್ಕೇ ತಾಗಿದ್ದು. 2021ರ ಮೇ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಒಂದೇ ದಿನದಲ್ಲಿ 24 ಮಂದಿ ತೀರಿಕೊಂಡ ಸುದ್ದಿ ನಿನಗೂ ನೆನಪಿರಬಹುದು. ಆಮ್ಲಜನಕದ ಕೊರತೆ ಎಂಬ ದೂರಿನ ಮೇಲೆ ಹೈಕೋರ್ಟ್ ಸಮಿತಿ ನೇಮಿಸಬೇಕಾಯಿತು. ಜುಲೈ 20ರಂದು ರಾಜ್ಯಸಭೆಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಕೊಟ್ಟ ಲಿಖಿತ ಉತ್ತರದಲ್ಲಿ, ಆಮ್ಲಜನಕ ಸಿಗದೆ ಸಾವಾಗಿದೆ ಅಂತ ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಅಂತ ಇತ್ತು. ಆರೋಗ್ಯ ರಾಜ್ಯದ ವಿಷಯ, ರಾಜ್ಯಗಳು ಕಳಿಸಿದ್ದನ್ನು ನಾವು ಕ್ರೋಡೀಕರಿಸುತ್ತೇವೆ ಅಂತಲೂ ಇತ್ತು. ಕೇಂದ್ರ ರಾಜ್ಯದ ಕಡೆ ಕೈ ತೋರಿಸುವುದು, ರಾಜ್ಯ ಕೇಂದ್ರದ ಕಡೆ ತೋರಿಸುವುದು ಪಕ್ಷ ಯಾವುದಾದರೂ ನಡೆಯುತ್ತದೆ. ಅದಕ್ಕೇ ನಿನ್ನ ಪ್ರಶ್ನೆ ವಿಧಾನಸಭೆಯಲ್ಲೇ ಬರಲಿ ಅನ್ನೋದು. ಮೇಷ್ಟ್ರನ್ನು ನೇಮಿಸೋದು, ವರ್ಗ ಮಾಡೋದು, ನಿಯೋಜಿಸೋದು ಎಲ್ಲ ರಾಜ್ಯದ್ದೇ ಕೆಲಸ. ಸಂಸದರಿಗೂ ಒಂದು ಮನವಿ ಕೊಡೋಣ ಅಂತ ಬರೆದಿದ್ದೀಯಲ್ಲ, ಅದು ಬೇಡ.

"ಆರ್‌ಟಿಐ ಹಾಕಿದರೆ ಸಾಲದಾ" ಅಂತ ನಿನ್ನ ಇನ್ನೊಂದು ಪ್ರಶ್ನೆ. ಅದನ್ನೂ ಹಾಕು, 30 ದಿನದಲ್ಲಿ ಉತ್ತರ ಕೊಡಬೇಕು ಅಂತ ಕಾನೂನೇ ಇದೆ. ಆದರೆ ಆರ್‌ಟಿಐಗೆ ಉತ್ತರ ಕೊಡುವವರು ಒಬ್ಬ ಮಾಹಿತಿ ಅಧಿಕಾರಿ. ಕಚೇರಿಯಲ್ಲಿ ಇರುವ ಕಾಗದದ ನಕಲು ಕೊಟ್ಟರೆ ಅವರ ಕೆಲಸ ಮುಗಿಯಿತು. ಸದನದಲ್ಲಿ ಉತ್ತರ ಕೊಡುವವರು ಸಚಿವರು. ಬೇಕಂತಲೇ ತಪ್ಪು ಮಾಹಿತಿ ಕೊಟ್ಟರೆ ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದರು ಎಂಬ ಮಾತು ಬರುತ್ತದೆ. ಅದಕ್ಕೇ ಎಲ್‌ಎಕ್ಯೂ ಅಂದರೆ ಕಚೇರಿಯಲ್ಲಿ ಅಷ್ಟು ಗಡಿಬಿಡಿ.

ಉತ್ತರ ಬಂದ ದಿನಕ್ಕೆ ಕೆಲಸ ಮುಗಿಯಿತು ಅಂದುಕೊಳ್ಳಬೇಡ. "ಪರಿಶೀಲನೆಯಲ್ಲಿದೆ", "ಮಾಹಿತಿ ಸಂಗ್ರಹಿಸಿ ಸದನದ ಮುಂದಿಡಲಾಗುವುದು" ಅಂತ ಬಂದರೆ ಬೇಜಾರಾಗಬೇಡ, ಗುರುತು ಹಾಕಿಟ್ಟುಕೋ. ಅಂಥ ಮಾತನ್ನು ಭರವಸೆ ಅಂತ ಲೆಕ್ಕಕ್ಕೆ ಹಿಡಿಯುತ್ತಾರೆ. ಅದನ್ನು ಬೆನ್ನತ್ತೋಕೆ ಸರ್ಕಾರಿ ಭರವಸೆಗಳ ಸಮಿತಿ ಅಂತಲೇ ಇದೆ. ಲೋಕಸಭೆಯಲ್ಲಿ ಅದು 1953ರಿಂದ ಇದೆ, ಕೊಟ್ಟ ಭರವಸೆಯನ್ನು ಮೂರು ತಿಂಗಳೊಳಗೆ ಈಡೇರಿಸಬೇಕು ಅನ್ನೋದು ಅಲ್ಲಿನ ಕ್ರಮ. ನಮ್ಮ ವಿಧಾನಮಂಡಲದಲ್ಲೂ ಅಂಥ ಸಮಿತಿ ಇದೆ. ಉತ್ತರ ಅರೆಬರೆ ಇದ್ದರೆ ಅರ್ಧ ಗಂಟೆ ಚರ್ಚೆಗೆ ಸೂಚನೆ ಕೊಡಬಹುದು. ಶಾಸಕರಿಗೆ ಇದೆಲ್ಲ ಗೊತ್ತಿರುತ್ತದೆ, ಆದರೆ ಅವರ ಕೈಯಲ್ಲಿ ನೂರು ಕೆಲಸ. ನೆನಪಿಸೋದು ನಿನ್ನ ಪಾಲು.

ಒಂದು ಪ್ರಶ್ನೆ ಎಲ್ಲಿಯವರೆಗೆ ಹೋಗಬಹುದು ಅನ್ನೋಕೆ 1957ರ ಸಂಗತಿ ಸಾಕು. ಎಲ್‌ಐಸಿ ಹಣವನ್ನು ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳಲ್ಲಿ ತೊಡಗಿಸಿದ್ದರ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಬಂತು. ಆಡಳಿತ ಪಕ್ಷದ ಸಂಸದರೇ ಕೇಳಿದ್ದು. ಅದೇ ಪಕ್ಷದ ಇನ್ನೊಬ್ಬ ಸಂಸದ ಫಿರೋಜ್ ಗಾಂಧಿ ಅದನ್ನು ಹಿಡಿದು ಬಿಡಲಿಲ್ಲ. ವಿಚಾರಣಾ ಆಯೋಗ ಕೂತಿತು, 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಇದೇ ಹಕ್ಕನ್ನು ಮಾರಿಕೊಂಡವರೂ ಇದ್ದಾರೆ. ಪ್ರಶ್ನೆ ಕೇಳೋಕೆ ದುಡ್ಡು ಪಡೆದರು ಅಂತ 2005ರ ಡಿಸೆಂಬರ್‌ನಲ್ಲಿ 11 ಸಂಸದರನ್ನು ಉಚ್ಚಾಟಿಸಲಾಯಿತು, ಲೋಕಸಭೆಯಿಂದ ಹತ್ತು, ರಾಜ್ಯಸಭೆಯಿಂದ ಒಬ್ಬರು. ಹಾಗಾಗಿ ಶಾಸಕರ ಹತ್ತಿರ ಹೋಗುವಾಗ ಒಬ್ಬನೇ ಹೋಗಬೇಡ. ಶಾಲಾಭಿವೃದ್ಧಿ ಸಮಿತಿಯವರನ್ನು, ಪೋಷಕರನ್ನು ಜೊತೆಗೆ ಕರೆದುಕೊಂಡು ಹೋಗು. ಇದು ಊರಿನ ಪ್ರಶ್ನೆ ಅಂತ ಅವರಿಗೂ ಗೊತ್ತಾಗಲಿ.

ಇನ್ನೆರಡು ಕೆಲಸ ಇದೆ. ಪ್ರಶ್ನೆಯ ಸೂಚನೆ ಸಾಕಷ್ಟು ಮುಂಚೆ ತಲುಪಬೇಕು, ಲೋಕಸಭೆಯಲ್ಲಾದರೆ ಪೂರ್ಣ 15 ದಿನ ಮೊದಲು. ನಮ್ಮಲ್ಲೂ ಅಧಿವೇಶನದ ದಿನಾಂಕ ಹೊರಬಿದ್ದಮೇಲೆ ಓಡಾಡಿದರೆ ಆಗಲ್ಲ. ಈ ವಾರವೇ ತಿದ್ದಿದ ಪ್ರಶ್ನೆಯನ್ನು ಶಾಸಕರ ಆಪ್ತ ಸಹಾಯಕರ ಕೈಗೆ ಕೊಟ್ಟಿರು. ಇನ್ನೊಂದು, ಉತ್ತರ ಬರುವ ಮೊದಲೇ ನಿಮ್ಮ ಹೋಬಳಿಯ ಶಾಲೆಗಳಿಗೆ ಒಂದು ಸುತ್ತು ಹೋಗಿ, ಯಾವ ಶಾಲೆಯಲ್ಲಿ ಯಾವ ಮೇಷ್ಟ್ರು ನಿಜವಾಗಿ ಪಾಠ ಮಾಡುತ್ತಿದ್ದಾರೆ, ಯಾರು ನಿಯೋಜನೆ ಮೇಲೆ ಹೋಗಿದ್ದಾರೆ ಅಂತ ಬರೆದಿಟ್ಟುಕೋ. ಅನುಬಂಧ ಕೈಗೆ ಬಂದ ದಿನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ವ್ಯತ್ಯಾಸ ಕಂಡ ಕಡೆಯಿಂದಲೇ ಮುಂದಿನ ಅಧಿವೇಶನದ ಪ್ರಶ್ನೆ ಶುರುವಾಗುತ್ತದೆ. ಆ ಅನುಬಂಧವನ್ನು ನನಗೂ ಕಳಿಸು, ಕೂತು ಓದೋಣ.

ನಿನ್ನ ಗೆಳೆಯ