ಆಟಿಸಂ ದಿನ ಮುಗಿದ ಮಾರನೇ ದಿನದ ಬಗ್ಗೆ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಏಪ್ರಿಲ್ 2ಕ್ಕೆ ಪೇಪರಲ್ಲಿ ಆಟಿಸಂ ದಿನ ಅಂತ ಬರುತ್ತೆ, ನೀಲಿ ಲೈಟ್ ಹಾಕಿದ ಬಿಲ್ಡಿಂಗ್ ಫೋಟೊ, "ಸ್ವಲೀನತೆ" ಅಂತ ಹೆಡ್ಡಿಂಗು, ಕೆಳಗೆ ಲಕ್ಷಣಗಳು. ನಾನು ಕಟ್ ಮಾಡಿ ಇಟ್ಕೋತೀನಿ. ಆದ್ರೆ ಈ ಸ್ವಲೀನತೆ ಅನ್ನೋ ಪದನ ಥೆರಪಿ ಕಾರಿಡಾರಲ್ಲಿ ಕೂತಿರೋ ಒಬ್ಬ ತಾಯಿ ಬಾಯಲ್ಲೂ ನಾನು ಕೇಳಿಲ್ಲ, ಎಲ್ರೂ ಆಟಿಸಂ ಅಂತಾನೇ ಅನ್ನೋದು, ನಮ್ಮತ್ತೆ "ಆಟಿಜಮ್ಮು" ಅಂತಾರೆ. ಅದಿರ್ಲಿ. ಲಕ್ಷಣ ಗೊತ್ತಾಯ್ತು, ಮಾರನೇ ದಿನ ಬೆಳಗ್ಗೆ ಎದ್ದು ಮನೇಲಿ ಏನ್ ಮಾಡ್ಬೇಕು, ಅದನ್ನ ಯಾರೂ ಬರೆಯಲ್ಲ.

ನನ್ನ ಮಗನಿಗೆ ಈಗ 8 ವರ್ಷ. ಎರಡೂವರೆಗೂ ಮಾತಿಲ್ಲ ಅಂದಾಗ ಅವರಪ್ಪನೂ ಲೇಟಾಗೇ ಮಾತಾಡಿದ್ದು ಬಿಡು ಅಂದ್ರು. ಬಜೆ ತೇದು ನಾಲಿಗೆಗೆ ಹಚ್ಚಿದ್ದಾಯ್ತು, ದೃಷ್ಟಿ ತೆಗೆದಿದ್ದಾಯ್ತು, ಹರಕೆ ಹೊತ್ತಿದ್ದಾಯ್ತು, ಕೊನೆಗೆ ನೀನು ಮೊಬೈಲ್ ಕೊಟ್ಟಿದ್ದಕ್ಕೇ ಹಿಂಗಾಗಿದ್ದು ಅಂತ ನನ್ನ ತಲೆಗೇ ಬಂತು. ಆಮೇಲೆ ಹೋದ ಒಂದು ಪ್ರೈವೇಟ್ ಸೆಂಟರಲ್ಲಿ ಎರಡು ಭಾಷೆ ಆದ್ರೆ ಮಗುಗೆ ಕನ್‌ಫ್ಯೂಸ್ ಆಗುತ್ತೆ, ಹೆಂಗಿದ್ರೂ ಇಂಗ್ಲಿಷ್ ಸ್ಕೂಲಿಗೆ ಹಾಕ್ತೀರ, ಮನೇಲೂ ಇಂಗ್ಲಿಷೇ ಮಾತಾಡಿ ಅಂದ್ಬಿಟ್ರು. ನಂಗೆ ಬರೋ ಇಂಗ್ಲಿಷು ಕಮ್, ಸಿಟ್, ಈಟ್, ಅಷ್ಟೇ. ಅತ್ತೆಗೆ ಅದೂ ಇಲ್ಲ. ಮಗು ಮುಂದೆ ಬಾಯಿ ತೆಗೆಯೋಕೇ ಹೆದರ್ಕೊಂಡು ಅವರು ಏಳೆಂಟು ತಿಂಗಳು ಲಾಲಿ ಕೂಡ ಹಾಡ್ಲಿಲ್ಲ, ಮಾತು ಬರ್ಲಿ ಅಂತ ಹೊರಟು ಮನೇಲಿದ್ದ ಮಾತೂ ಹೋಯ್ತು.

ಆಮೇಲೆ ಮೈಸೂರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗೋಕೆ ಶುರು ಮಾಡಿದ್ವಿ. ನಮ್ಮೂರು ಹೊಳೆನರಸೀಪುರ, ಬೆಳಗ್ಗೆ ಕತ್ತಲಲ್ಲೇ ಹೊರಡ್ಬೇಕು, 2023ರಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ನನ್ನ ಬಸ್ ಚಾರ್ಜಂತೂ ಉಳೀತು. ಅಲ್ಲಿ ಮೊದಲು ಹೇಳಿದ್ದೇ ಮನೆ ಭಾಷೇಲೇ ಮಾತಾಡಿ ಅಂತ, ಎರಡು ಭಾಷೆ ಕೇಳಿದ್ರೆ ಆಟಿಸಂ ಇರೋ ಮಗುಗೆ ಮಾತು ಹಿಂದೆ ಬೀಳುತ್ತೆ ಅನ್ನೋದಕ್ಕೆ ಆಧಾರ ಇಲ್ವಂತೆ. ಅವತ್ತು ಸಂಜೆ ಅತ್ತೆಗೆ ಹೇಳ್ದೆ. ಅವರು ಏನೂ ಅನ್ಲಿಲ್ಲ, ಒಳಗೋಗಿ ಮಗುನ ತೊಡೆ ಮೇಲೆ ಹಾಕ್ಕೊಂಡ್ರು.

ಆದ್ರೆ ನಾನು ಹೆಚ್ಚು ಕಲ್ತಿದ್ದು ಥೆರಪಿ ರೂಮಿನ ಹೊರಗಡೆ ಬೆಂಚ್ ಮೇಲೆ. ನನ್ನ ಮಗ ಬಾಯಾರಿದ್ರೆ "ನೀರು ಬೇಕಾ? ನೀರು ಬೇಕಾ?" ಅಂತಿದ್ದ, ನಾವು ಹೇಳಿದ್ದನ್ನೇ ತಿರುಗಿಸ್ತಾನೆ, ಅಣಕಿಸ್ತಾನೆ ಅಂತ ನಮ್ಮವರು ಬೈತಿದ್ರು. ಚಾಮರಾಜನಗರ ಕಡೆಯ ಒಬ್ಬ ತಾಯಿ ಕೇಳಿಸ್ಕೊಂಡು, ಅಕ್ಕ ಅವನು ನೀರು ಕೇಳ್ತಿದಾನೆ, ನೀವು ಯಾವಾಗ್ಲೂ ಬೇಕಾ ಅಂತ ಕೇಳಿ ಕೊಟ್ಟಿದೀರಲ್ಲ, ಅವನ ಪಾಲಿಗೆ ನೀರಿನ ಹೆಸರೇ ಅದು, ಇನ್ಮೇಲೆ ಕೇಳ್ಬೇಡಿ, ಅವನು ಹೇಳ್ಬೇಕಾಗಿರೋ ಹಂಗೇ "ನಂಗೆ ನೀರು ಬೇಕು" ಅಂದು ಲೋಟ ಕೊಡಿ ಅಂದ್ರು. ಹಿಂಗೆ ಕೇಳಿದ ಮಾತನ್ನೇ ತಿರುಗಿ ಹೇಳೋದಕ್ಕೆ ಎಕೋಲೇಲಿಯಾ ಅಂತಾರೆ ಅನ್ನೋದು ನಂಗೆ ಆಮೇಲೆ ಗೊತ್ತಾಗಿದ್ದು. ಮಾತು ಕಲಿಸೋಕೆ ಆಪಲ್ಲು, ಏರೋಪ್ಲೇನಿನ ಚಿತ್ರದ ಕಾರ್ಡು ಬಿಟ್ಟು ನಮ್ಮನೆ ಚೊಂಬು, ಚಾಪೆ, ಅಜ್ಜಿ ಫೋಟೊ ತೆಗೆದು ಕಾರ್ಡ್ ಮಾಡಿ ಅಂದಿದ್ದೂ ಅವರೇ.

ಅಂಗವೈಕಲ್ಯದ ಸರ್ಟಿಫಿಕೇಟ್ ವಿಷಯನೂ ಅಷ್ಟೇ. ಐಸಾ ಅಂತ ಒಂದು ಟೆಸ್ಟು, 40 ಪ್ರಶ್ನೆ, ಒಂದೊಂದಕ್ಕೆ 1ರಿಂದ 5 ಅಂಕ, 70ಕ್ಕಿಂತ ಕಮ್ಮಿ ಬಂದ್ರೆ ಆಟಿಸಂ ಅಲ್ಲ ಅಂತ ಲೆಕ್ಕ. ನಾನು ಮಗನ್ನ ಬಿಟ್ಕೊಡ್ಬಾರ್ದು ಅಂತ ಎಲ್ಲಾ ಮಾಡ್ತಾನೆ ಸಾರ್ ಅನ್ನೋಕೆ ರೆಡಿಯಾಗಿದ್ದೆ. ಇರೋದನ್ನ ಇದ್ದ ಹಂಗೆ ಹೇಳು, ಅಲ್ಲಿ ಹೊಗಳ್ಬೇಡ, ಹೊಗಳಿದ್ರೆ ಅಂಕ ಕಮ್ಮಿ ಬೀಳುತ್ತೆ ಅಂದಿದ್ದು ಬೆಂಚ್ ಮೇಲಿನವರು. ಆಟಿಸಂ ಕಾನೂನಲ್ಲಿ ಅಂಗವೈಕಲ್ಯದ ಪಟ್ಟಿಗೆ ಸೇರಿರೋದು 2016ರ ಕಾಯ್ದೆಯಿಂದ ಅಂತ, ನಿರಾಮಯ ಅನ್ನೋ ಆರೋಗ್ಯ ವಿಮೇಲಿ ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತೆ, ಥೆರಪಿ ಖರ್ಚೂ ಸೇರುತ್ತೆ ಅಂತ, 18 ತುಂಬಿದ್ಮೇಲೆ ನಾವೇ ಅಪ್ಪ ಅಮ್ಮ ಆದ್ರೂ ಡಿಸಿ ಇರೋ ಕಮಿಟಿ ಮುಂದೆ ಗಾರ್ಡಿಯನ್‌ಶಿಪ್‌ಗೆ, ಅಂದ್ರೆ ಕಾನೂನು ಪ್ರಕಾರ ಅವನ ಪೋಷಕರಾಗೋಕೆ, ಅರ್ಜಿ ಹಾಕ್ಬೇಕು ಅಂತ, ಇದೆಲ್ಲಾ ಬಾಯಿಂದ ಬಾಯಿಗೆ ಬಂದಿದ್ದೇ. ಒಬ್ರು ಮಗುಗೆ ಸ್ಟೆಮ್ ಸೆಲ್ ಅನ್ನೋ ಜೀವಕೋಶದ ಚಿಕಿತ್ಸೆ ಮಾಡ್ಸೋಕೆ ಜಮೀನು ಮಾರೋ ಮಾತಾಡ್ತಿದ್ರು, ಆಟಿಸಂಗೆ ಅದನ್ನ ಶಿಫಾರಸು ಮಾಡಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ ಅಂತ ಇನ್ನೊಬ್ಬ ಮಗುವಿನ ಅಪ್ಪ ಮೊಬೈಲಲ್ಲಿ ತೋರ್ಸಿದ್ರು. ಅದೂ ಇಂಗ್ಲಿಷಲ್ಲೇ ಇತ್ತು, ಅವರೇ ಓದಿ ಕನ್ನಡದಲ್ಲಿ ಹೇಳ್ಬೇಕಾಯ್ತು.

ಅಮೆರಿಕದಲ್ಲೂ ಒಂದು ಕಾಲಕ್ಕೆ ತಾಯಿ ಪ್ರೀತಿ ಸಾಲದ್ದಕ್ಕೇ ಆಟಿಸಂ ಅಂತ ಡಾಕ್ಟರುಗಳೇ ಹೇಳ್ತಿದ್ರಂತೆ, ಅದು ಸುಳ್ಳು ಅಂತ 1964ರಲ್ಲಿ ಪುಸ್ತಕ ಬರೆದ ಬರ್ನಾರ್ಡ್ ರಿಮ್ಲಂಡ್ ಕೂಡ ಇಂಥ ಒಂದು ಮಗುವಿನ ಅಪ್ಪನೇ. ನಮ್ಮ ಬೆಂಚಿಗೆ ಪುಸ್ತಕ ಬರೆಯೋಷ್ಟು ತಾಕತ್ತಿಲ್ಲ.

ಎಲ್ರಿಗೂ ಮೈಸೂರು, ಬೆಂಗಳೂರಿಗೆ ಬಂದು ಬೆಂಚ್ ಮೇಲೆ ಕೂರೋಕಾಗಲ್ಲ, ಬೀದರ್ ರಾಯಚೂರಿನವರು ಏನ್ಮಾಡ್ಬೇಕು ಹೇಳಿ. ಅದಕ್ಕೆ ಕೇಳ್ತಿರೋದು ಇಷ್ಟೇ, ತಿಂಗಳಿಗೊಂದು ಸಲ ಕಾಲು ಪುಟ ಕೊಡಿ, ಯಾವ ಜಿಲ್ಲಾಸ್ಪತ್ರೇಲಿ ಟೆಸ್ಟ್ ಯಾವ ವಾರ, ಯಾವ ಕಾಗದ ಬೇಕು, ಕುಕ್ಕರ್ ಸೀಟಿಗೆ ಕಿವಿ ಮುಚ್ಕೊಂಡು ಕಿರುಚೋ ಮಗುನ ಜಾತ್ರೆಗೆ ಹೆಂಗೆ ಕರ್ಕೊಂಡೋಗೋದು, ಇಂಥದ್ದು. ನಾವು ನಾಲ್ಕೈದು ಜನ ತಾಯಂದಿರು ಬರ್ಕೊಡ್ತೀವಿ, ದುಡ್ಡೇನೂ ಬೇಡ. ಕಾಗುಣಿತ ನೀವು ತಿದ್ಕೊಳ್ಳಿ, ಡಾಕ್ಟರ್ ಹತ್ರ ಒಂದ್ಸಲ ತೋರ್ಸಿ ಹಾಕಿ.

ಇಂತಿ,
ಒಬ್ಬ ತಾಯಿ, ಹೊಳೆನರಸೀಪುರ
(ಮಗನ ಸ್ಕೂಲಿನವರು ಓದ್ತಾರೆ, ಹೆಸರು ಬೇಡ)